ಶಿರಾಡಿ ಘಾಟಿ ಹತ್ತುವ ಮೊದಲೇ ಕುದುರೆ ನೋಡಿ ಮುಗಿಸುವುದು: ನನ್ನ ಅನುಭವ

ಬ್ರಹ್ಮಾವರದ ಹತ್ತಿರ ನಮ್ಮ ತೋಟದ ಮೂಲೆಯಲ್ಲಿ ಕುದುರೆ ಕಟ್ಟುತ್ತೇನೆ ಅಂದಾಗಲೇ ಜನ ನಕ್ಕಿದ್ದರು. ಜಾಹೀರಾತು ಕಂಡದ್ದಕ್ಕೆಲ್ಲ ಓಡುವುದಿಲ್ಲ, ಮುಕ್ಕಾಲು ಪಾಲು ಫೋನಿನಲ್ಲೇ ತೀರ್ಮಾನ ಮಾಡುತ್ತೇನೆ ಅಂದಾಗ ಇನ್ನೂ ಜೋರಾಗಿ ನಕ್ಕರು. ಪಕ್ಕದ ಮನೆಯವರು ಕಂಬಳದ ಕೋಣ ಸಾಕುವವರು. "ಮೈ ಮುಟ್ಟಿ ನೋಡದೆ ಎಂತ ಗೊತ್ತಾಗ್ತದೆ ಮಾರಾಯ್ರೆ?" ಅಂದರು. ಈಗ ನನ್ನ ಹೆಣ್ಣು ಕುದುರೆ ಇಲ್ಲಿನ ಮಳೆಗಾಲ ಕಳೆದು ಗಟ್ಟಿಯಾಗಿ ನಿಂತಿದೆ. ಅವರೇ ಈಗ ನೆಂಟರನ್ನು ಕರೆತಂದು ತೋರಿಸುತ್ತಾರೆ.

ಕರಾವಳಿಯವರಿಗೆ ದೂರವೇ ಶತ್ರು. ಮಾರಾಟಕ್ಕೋ ಸಾಕಲಿಕ್ಕೋ ಸಿಗುವ ಕುದುರೆ ಹೆಚ್ಚಾಗಿ ಬೆಂಗಳೂರು, ಮೈಸೂರು ಕಡೆಯದ್ದು. ಪೆಟ್ರೋಲು, ಲಾಡ್ಜು, ಜೊತೆಗೆ ಬರುವ ಡಾಕ್ಟ್ರ ಫೀಸು ಸೇರಿ ಒಂದು ಸಲ ನೋಡಿ ಬರಲು ಹತ್ತು ಹನ್ನೆರಡು ಸಾವಿರ. ಹೀಗೆ ಸುತ್ತಿಯೇ ಎಪ್ಪತ್ತು ಸಾವಿರದ ಹತ್ತಿರ ಕರಗಿತ್ತು, ಲಾಯ ಮಾತ್ರ ಖಾಲಿ. ಹಾಸನದ ಕಡೆ ಒಬ್ಬರು "ಏಳು ವರ್ಷ, ಒಳ್ಳೆ ಸ್ವಭಾವ" ಅಂದಿದ್ದರು. ತುಟಿ ಎತ್ತಿ ನೋಡಿದರೆ ಮೇಲಿನ ಸಾಲಿನ ಕೊನೆಯ ಬಾಚಿಹಲ್ಲಿನ ಮೇಲೆ ಕಂದು ಗೆರೆ ಅರ್ಧಕ್ಕೆ ಇಳಿದಿತ್ತು. ಆ ಗೆರೆ ವಸಡಿನ ಬುಡದಲ್ಲಿ ಕಾಣುವುದೇ ಸುಮಾರು 10 ವರ್ಷಕ್ಕೆ, ಅರ್ಧ ಇಳಿಯಲು 15 ಆಗಬೇಕು. ಒಳ್ಳೆ ಸ್ವಭಾವ ಹೌದು, ಅಜ್ಜಿಗೆ ಇನ್ನೆಂತ ಸ್ವಭಾವ ಇರ್ತದೆ!

ಅಲ್ಲಿಂದ ಮುಂದೆ ಕೊನೆಯ ಹಲ್ಲಿನ ಫೋಟೊ ಬಾರದೆ ಬೆಲೆಯ ಮಾತೇ ಎತ್ತುವುದಿಲ್ಲ. ಆಮೇಲೆ ವಿಡಿಯೊ. ಬೆಳಿಗ್ಗೆ ಲಾಯದಿಂದ ಹೊರಗೆ ತಂದ ತಕ್ಷಣದ್ದೇ ಬೇಕು, ಮೈ ಬಿಸಿಯಾದ ಮೇಲಿನದ್ದು ಬೇಡ. ಗಟ್ಟಿ ನೆಲದ ಮೇಲೆ, ಹಗ್ಗ ಸಡಿಲ ಬಿಟ್ಟು ಟ್ರಾಟ್, ಅಂದರೆ ಕುಕ್ಕುಲೋಟ, ಮಾಡಿಸಬೇಕು. ಹಗ್ಗ ಬಿಗಿ ಹಿಡಿದರೆ ತಲೆ ಆಡುವುದು ಕಾಣುವುದಿಲ್ಲ, ಮುಂಗಾಲು ನೋಯುವ ಕುದುರೆ ಆ ಕಾಲು ಊರಿದಾಗ ತಲೆ ಎತ್ತುತ್ತದೆ ಅಲ್ವಾ. ಮಲ್ಪೆ, ಪಣಂಬೂರು ಬೀಚಿನಲ್ಲಿ ಓಡಿಸಿದ ವಿಡಿಯೊ ಕಳಿಸುವವರಿದ್ದಾರೆ. ನೋಡಲು ಚಂದ. ಆದರೆ ಗಟ್ಟಿ ನೆಲದಲ್ಲಿ ಕಾಣುವ ಎಷ್ಟೋ ಕುಂಟು ಮರಳಿನಲ್ಲಿ ಮುಚ್ಚಿ ಹೋಗುತ್ತದೆ.

ವಿಡಿಯೊ ಬಂದರೆ ನಾನು ಮೊದಲು ನೋಡುವುದಿಲ್ಲ. ಫೋನು ಬೋರಲು ಹಾಕಿ, ಇಯರ್‌ಫೋನ್ ಸಿಕ್ಕಿಸಿ, ಬರೀ ಸದ್ದು ಕೇಳುತ್ತೇನೆ. ಟ್ರಾಟ್‌ನಲ್ಲಿ ಟಕ್ ಟಕ್ ಸಮನಾಗಿ ಬೀಳಬೇಕು. ಒಂದು ಟಕ್ ಮೆತ್ತಗೆ, ಇನ್ನೊಂದು ಜೋರು ಅಂದರೆ ಅಲ್ಲಿಗೆ ಮುಗಿಯಿತು. ಇದನ್ನು ಪರೀಕ್ಷೆ ಮಾಡಲು ಗೆಳೆಯನ ಕುದುರೆಯ ಒಂದು ಕಾಲಿನ ಲಾಳ ಬಿಚ್ಚಿಸಿ ರೆಕಾರ್ಡ್ ಮಾಡಿದ್ದೂ ಉಂಟು. ಆ ಕಾಲಿನ ಸದ್ದೇ ಬೇರೆಯಾಗಿ, ನೋವು ಯಾವುದು ಲಾಳ ಯಾವುದು ತಿಳಿಯದೆ ಆ ಪರೀಕ್ಷೆ ಕೈಬಿಟ್ಟೆ. ಲಾಳದವನಿಗೆ ಕೊಟ್ಟ ಆರುನೂರೋ ಏಳುನೂರೋ ದಂಡ, ಅವನಂತೂ ನನಗೆ ತಲೆ ಕೆಟ್ಟಿದೆ ಅಂತಲೇ ಹೋದ.

ನಮ್ಮ ಕಡೆಗೆ ಮುಖ್ಯವಾದದ್ದು ಬೆವರು. ಬಿಸಿಲು, ತೇವ ಎರಡೂ ಜಾಸ್ತಿ ಇರುವ ಊರಿಗೆ ಬಂದ ಕೆಲವು ಕುದುರೆಗಳು ಬೆವರುವುದನ್ನೇ ನಿಲ್ಲಿಸುತ್ತವೆ. ಮೈ ಒಣಗಿ, ಏದುಸಿರು ಬಿಟ್ಟು ನಿಲ್ಲುತ್ತವೆ. ಹಾಗಾಗಿ ಮಧ್ಯಾಹ್ನ ಇಪ್ಪತ್ತು ನಿಮಿಷ ಓಡಿಸಿ, ಜೀನು ತೆಗೆದ ಕೂಡಲೇ ಬೆನ್ನು ತೋರಿಸಿ ಅನ್ನುತ್ತೇನೆ. ಜೀನಿನ ಅಡಿ ಒದ್ದೆ ಇಲ್ಲದಿದ್ದರೆ ಬೇಡ. ಒದ್ದೆ ಇದ್ದರೂ ಇಲ್ಲಿಗೆ ಬಂದ ಮೇಲೆ ಬೆವರು ನಿಲ್ಲಲಾರದು ಅಂತ ಗ್ಯಾರಂಟಿ ಇಲ್ಲ, ಆದರೆ ಅಲ್ಲೇ ಬೆವರದ್ದು ಉಡುಪಿಯ ಏಪ್ರಿಲ್‌ನಲ್ಲಿ ಎಂತ ಮಾಡೀತು? ಗೊರಸಿನ ಅಡಿಯ ಫೋಟೊ ಕೂಡ ಬೇಕು. ಈಗಲೇ ಕಪ್ಪಾಗಿ ಕೊಳೆತದ್ದು ನಮ್ಮ ಜುಲೈ ದಾಟುವುದು ಕಷ್ಟ.

ರೇಸಿನ ಕುದುರೆಯಾದರೆ ಹೆಸರು ಕೇಳಿ ಹಳೆಯ ಫಲಿತಾಂಶ ಹುಡುಕುತ್ತೇನೆ. ವರ್ಷಗಟ್ಟಲೆ ಓಡದೆ ಇದ್ದರೆ ಯಾಕೆ ಅಂತ ಕೇಳುತ್ತೇನೆ. ಗ್ಲಾಂಡರ್ಸ್ ರಕ್ತಪರೀಕ್ಷೆಯ ಚೀಟಿ ಇಲ್ಲದಿದ್ದರೆ ಮಾತು ಅಲ್ಲಿಗೇ ಬಂದ್. ಅದು ಮನುಷ್ಯರಿಗೂ ಹತ್ತುವ ರೋಗ.

ಇಷ್ಟೆಲ್ಲ ದಾಟಿದ ಮೇಲೆ ಯಜಮಾನನ ಹತ್ತಿರ ಅಲ್ಲ, ಮೇವು ಹಾಕುವ ಹುಡುಗನ ಹತ್ತಿರ ಮಾತಾಡುತ್ತೇನೆ. ಅವನಿಗೆ ಕೇಳುವ ಒಂದು ಪ್ರಶ್ನೆ ಉಂಟು, ಅದನ್ನು ಇಲ್ಲಿ ಬರೆಯುವುದಿಲ್ಲ. ದಲ್ಲಾಳಿಗಳೂ ಓದುತ್ತಾರೆ.

ಸಾಕಲು ಕೊಡುವ ಕುದುರೆ ಪುಕ್ಕಟೆ ಅಂತ ಸುಮ್ನೆ ಹಿಗ್ಗಬೇಡಿ. ಹುರುಳಿ, ಬೂಸಾ, ಹುಲ್ಲು, ಲಾಳ ಸೇರಿ ನನಗೆ ತಿಂಗಳಿಗೆ ಹದಿನೈದು ಸಾವಿರದ ಮೇಲೇ ಬೀಳುತ್ತದೆ. ಹೊಟ್ಟೆನೋವು ಬಂದರೆ ಡಾಕ್ಟ್ರ ಬಿಲ್ಲು ಯಾರದ್ದು, ವಾಪಸು ಕೇಳಿದರೆ ಗಾಡಿ ಬಾಡಿಗೆ ಯಾರದ್ದು ಅಂತ ಮೆಸೇಜಿನಲ್ಲಿ ಬರೆಸಿಕೊಳ್ಳಿ. ನನ್ನದಕ್ಕೆ ಒಂದು ಲಕ್ಷ ಚಿಲ್ಲರೆ ಕೊಟ್ಟೆ, ಗಾಡಿಗೆ ಮತ್ತೆ ಮೂವತ್ತು ಸಾವಿರದ ಹತ್ತಿರ. ನೋಡಲು ಹೋದದ್ದು ಒಂದೇ ಸಲ, ಡಾಕ್ಟ್ರು ಅರ್ಧ ಗಂಟೆಯಲ್ಲಿ ಹೂಂ ಅಂದರು. ಮೊನ್ನೆ ಚಿಕ್ಕಮಗಳೂರಿನವರೊಬ್ಬರು ಜೊತೆಗೆ ಇನ್ನೊಂದು ತೆಗೆದುಕೊಳ್ಳಿ ಅಂತ ಬೆನ್ನು ಹತ್ತಿದ್ದಾರೆ. ಹಲ್ಲಿನ ಫೋಟೊ ಕೇಳಿದ್ದೇನೆ. ಇನ್ನೂ ಬಂದಿಲ್ಲ.