ಗಾಳಕ್ಕೆ ಮುದ್ದೆ ಕಟ್ಟುವವರಿಗೆ: ಸ್ವಲ್ಪ ಮೈದಾ ಸೇರಿಸಿ

ಭಾನುವಾರ ಮಕ್ಕಳ ಜೊತೆ ಮೀನು ಹಿಡಿಯಲು ಹೋಗುವವರು ರಾತ್ರಿ ಉಳಿದ ರಾಗಿ ಮುದ್ದೆಗೆ ಅದರ ಅರ್ಧದಷ್ಟು ಮೈದಾ ಹಾಕಿ ಚೆನ್ನಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಇಪ್ಪತ್ತು ನಿಮಿಷ ಬಿಡಿ. ರಾಗಿಯಲ್ಲಿ ಗ್ಲುಟೆನ್ ಎಂಬ ಅಂಟು ಇಲ್ಲ, ಅದಕ್ಕೇ ಬರೀ ಮುದ್ದೆ ನೀರಿನಲ್ಲಿ ಬೇಗ ಬಿಡಿಬಿಡಿಯಾಗುತ್ತದೆ. ಮೈದಾದ ಅಂಟು ಅದನ್ನು ಹಿಡಿದಿಡುತ್ತದೆ, ಮುದ್ದೆಯ ವಾಸನೆ ಮಾತ್ರ ನಿಧಾನವಾಗಿ ನೀರಿಗೆ ಬಿಡುತ್ತಾ ಇರುತ್ತದೆ. ಹೊರಡುವ ಮೊದಲು ಬಟಾಣಿ ಗಾತ್ರದ ಒಂದು ಉಂಡೆಯನ್ನು ಲೋಟದ ನೀರಿಗೆ ಹಾಕಿ ನೋಡಿ. ಹತ್ತು ನಿಮಿಷವಾದರೂ ಅಂಚು ಬಿರಿಯದೆ ದುಂಡಗೇ ಇದ್ದರೆ ಸಾಕು. ತೀರಾ ಗಟ್ಟಿ ಮಾಡಬೇಡಿ, ಗಾಳದ ಮೊನೆ ಅದರೊಳಗೇ ಹೂತುಹೋಗಿ ಮೀನಿನ ಬಾಯಿಗೆ ಚುಚ್ಚುವುದೇ ಇಲ್ಲ. ರೋಹು, ಗೆಂಡೆ, ಜಿಲೇಬಿ ಮೀನಿಗೆ ಇದು ತುಂಬಾ ಚೆನ್ನಾಗಿ ನಡೆಯುತ್ತದೆ. ಕೊರವ ಮೀನಿಗೆ ಸುಮ್ನೆ ಪ್ರಯತ್ನಿಸಬೇಡಿ, ಅದು ಬೇಟೆಯಾಡಿ ತಿನ್ನುವ ಮೀನು. ಮಳೆಗಾಲದಲ್ಲಿ ಸೆಳೆತ ಜಾಸ್ತಿ ಇರುವ ಕಡೆಯೂ ಉಂಡೆ ನಿಲ್ಲುವುದಿಲ್ಲ, ಅಲ್ಲಿ ಎರೆಹುಳುವೇ ಸರಿ. ಡಿಸೆಂಬರ್, ಜನವರಿಯ ಚಳಿಗೆ ಮೀನು ಮಂದವಾಗಿ ಕಡಿಮೆ ತಿನ್ನುತ್ತದೆ. ಆಗ ಉಂಡೆ ಚಿಕ್ಕದಿರಲಿ, ಬಿಸಿಲೇರಿದ ಮೇಲೆ ಹೋಗಿ. ಬೆಂಗಳೂರಿನ ಕೆರೆಯಾದರೆ ಮೊದಲು ಅನುಮತಿ ಕೇಳಿಕೊಳ್ಳಿ, ಎಷ್ಟೋ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕು ಟೆಂಡರ್ ಪಡೆದವರದ್ದು.