ನನ್ನ ಆಂಪಿಸಿಲಿನ್ ತಿಂದಿದ್ದು ಯಾರು?

ಮಲ್ಲೇಶ್ವರದ ಯಾವ ಮೆಡಿಕಲ್ ಶಾಪಿಗೆ ಹೋದರೂ ಆಂಪಿಸಿಲಿನ್ ಜಾತಿಯ ಮಾತ್ರೆ ಸಿಗುತ್ತದೆ. ಅದು ಬ್ಯಾಕ್ಟೀರಿಯಾದಲ್ಲಿ ಎಲ್ಲಿ ಹೋಗಿ ಕೂರುತ್ತದೆ ಅಂತ ಕಣ್ಣಾರೆ ನೋಡಲು ನನಗೆ ಎರಡು ವರ್ಷ ಹಿಡಿಯಿತು. ಅದರಲ್ಲಿ ಎಂಟು ತಿಂಗಳು ನನ್ನದೇ ದಡ್ಡತನಕ್ಕೆ ಹೋಯಿತು.

ನಾನು ಹಿಡಿದಿದ್ದು ಪಿಬಿಪಿ, ಅಂದರೆ ಪೆನಿಸಿಲಿನ್‌ಗೆ ಅಂಟಿಕೊಳ್ಳುವ ಪ್ರೋಟೀನು. ಬ್ಯಾಕ್ಟೀರಿಯಾದ ಗೋಡೆಯ ಎಳೆಗಳನ್ನು ಹೆಣೆಯುವುದು ಇದರ ಕೆಲಸ. ಆ ಎಳೆಯ ತುದಿಯಲ್ಲಿ ಎರಡು ಡಿ-ಅಲನೈನ್ (ಒಂದು ಅಮೈನೋ ಆಮ್ಲ) ಇರುತ್ತವೆ. ಪೆನಿಸಿಲಿನ್ (ಆಂಪಿಸಿಲಿನ್ ಕೂಡ ಅದೇ ಜಾತಿ) ನೋಡಲು ಹೆಚ್ಚುಕಮ್ಮಿ ಹಾಗೇ ಇದೆ. ಪ್ರೋಟೀನು ಮೋಸಹೋಗುತ್ತದೆ. ಅದರ ಒಂದು ಸೆರೀನ್ (ಇದೂ ಅಮೈನೋ ಆಮ್ಲವೇ) ಔಷಧಿಯ ನಾಲ್ಕು ಮೂಲೆಯ ಉಂಗುರವನ್ನು ಒಡೆದು, ಅದಕ್ಕೇ ಕಚ್ಚಿಕೊಂಡು ಕೂತುಬಿಡುತ್ತದೆ.

ಇದನ್ನು ಎಕ್ಸ್-ರೇಯಲ್ಲಿ ನೋಡಲು ಮೊದಲು ಪ್ರೋಟೀನನ್ನು ಹರಳು ಮಾಡಬೇಕು. ಹರಳು ಬೆಳೆಸುವುದು ಉಪ್ಪಿನಕಾಯಿ ಹಾಕಿದ ಹಾಗೆ, ಕೈಗುಣ ಬೇಕು. ಗಾಜಿನ ಬಿಲ್ಲೆಯ ಮೇಲೆ ಪ್ರೋಟೀನೂ ಪಿಇಜಿಯೂ (ಉದ್ದನೆಯ ಎಳೆಯಂಥ ಪಾಲಿಮರ್) ಬೆರೆತ ಎರಡು ಮೈಕ್ರೋಲೀಟರ್ ಹನಿ. ಅದನ್ನು ಬೋರಲು ಹಾಕಿ, ಕೆಳಗೆ ಪಿಇಜಿ ದ್ರಾವಣ ಇಟ್ಟು, ಅಂಚಿಗೆ ಗ್ರೀಸ್ ಹಚ್ಚಿ, 20 ಡಿಗ್ರಿ ರೂಮಿನಲ್ಲಿ ಸುಮ್ನೆ ಬಿಡಬೇಕು. ಹರಳು ಬಂದವು. ಹನಿಗೇ ಆಂಪಿಸಿಲಿನ್ ಸೇರಿಸಿದೆ. ಮಾರನೇ ದಿನ ಲಿಕ್ವಿಡ್ ನೈಟ್ರೋಜನ್‌ನಲ್ಲಿ ಹೆಪ್ಪುಗಟ್ಟಿಸಿ ಎಕ್ಸ್-ರೇ.

ಎಕ್ಸ್-ರೇಯಿಂದ ಸಿಗುವ ಮ್ಯಾಪಿನಲ್ಲಿ, ಅಂದರೆ ಎಲೆಕ್ಟ್ರಾನುಗಳು ಎಲ್ಲಿ ದಟ್ಟವಾಗಿವೆ ಅಂತ ತೋರಿಸುವ ನಕ್ಷೆಯಲ್ಲಿ, ಸೆರೀನ್ ಪಕ್ಕ ಒಂದು ಗುಡ್ಡೆ ಕಂಡಿತು. ಖುಷಿಯಿಂದ ಮಾಡೆಲ್‌ನಲ್ಲಿ ಅಲ್ಲಿ ಆಂಪಿಸಿಲಿನ್ ಕೂರಿಸಿದೆ. ನನ್ನ ಗೈಡ್ ಮೇಡಂ ನೋಡಿದರು. “ಔಷಧಿ ತೆಗೆದು ಮ್ಯಾಪ್ ಇನ್ನೊಂದ್ಸಲ ಮಾಡು, ಆಮೇಲೆ ಮಾತಾಡೋಣ” ಅಂದರು. ಮಾಡಿದೆ. ಗುಡ್ಡೆಗೂ ಸೆರೀನ್‌ಗೂ ನಡುವೆ ಖಾಲಿ. ಅದು ಎರೆಹುಳದ ಹಾಗೆ ಸಣ್ಣಗೆ ಉದ್ದಕ್ಕಿತ್ತು. ಪಿಇಜಿ ತುಂಡು! ಬೇಕು ಅಂತ ನೋಡಿದರೆ ಯಾವ ಗುಡ್ಡೆಯೂ ಔಷಧಿಯೇ, ಅಲ್ವಾ?

ಇನ್ನೂ ಮೂರು ಸಲ ಮಾಡಿದೆ. ಔಷಧಿಯ ಸುಳಿವಿಲ್ಲ. ಕೊನೆಗೆ ಕ್ಯಾಂಟೀನಿನಲ್ಲಿ ಸೀನಿಯರ್ ಒಬ್ಬರು ಕಾಫಿ ಹೀರುತ್ತಾ, “ಲೋ, ನಿನ್ನ ಪ್ಲಾಸ್ಮಿಡ್ ಯಾವುದೋ?” ಅಂದರು.

ಅಲ್ಲೇ ಇತ್ತು ಎಡವಟ್ಟು. ಪ್ಲಾಸ್ಮಿಡ್ ಅಂದರೆ ಪಿಬಿಪಿಯ ಜೀನನ್ನು ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ಹೊತ್ತೊಯ್ಯುವ ಡಿಎನ್ಎ ಉಂಗುರ. ನನ್ನದರಲ್ಲಿ ಅದರ ಜೊತೆಗಿದ್ದದ್ದು ಆಂಪಿಸಿಲಿನ್ ತಡೆಯುವ ಜೀನ್. ಅಂದರೆ ನನ್ನ ಇ. ಕೋಲಿ ಪಿಬಿಪಿ ಜೊತೆಗೆ ಆಂಪಿಸಿಲಿನ್ ಒಡೆಯುವ ಕಿಣ್ವ ಬೀಟಾ-ಲ್ಯಾಕ್ಟಮೇಸನ್ನೂ ಮಾಡುತ್ತಿತ್ತು. ಇದು ಪಿಬಿಪಿಯ ದಾಯಾದಿ. ಇದಕ್ಕೂ ಸೆರೀನ್ ಇದೆ, ಇದೂ ಔಷಧಿಯನ್ನು ಕಚ್ಚುತ್ತದೆ. ಆದರೆ ಪಕ್ಕದಲ್ಲೇ ಇರುವ ಗ್ಲುಟಮೇಟ್ ಎಂಬ ಅಮೈನೋ ಆಮ್ಲ ಒಂದು ನೀರಿನ ಅಣುವನ್ನು ಛೂ ಬಿಟ್ಟು, ಒಡೆದ ಔಷಧಿಯನ್ನು ಆಚೆಗೆ ಉಗುಳಿಸುತ್ತದೆ. ಆಮೇಲೆ ಇನ್ನೊಂದಕ್ಕೆ ಬಾಯಿ ಹಾಕುತ್ತದೆ. ಶುದ್ಧ ಮಾಡಿದ ಮೇಲೂ ಈ ಕಿಣ್ವ ಚೂರೇ ಚೂರು ಉಳಿದಿದ್ದರೂ ಸಾಕು, ಔಷಧಿ ಖಾಲಿ.

ಶುದ್ಧ ಮಾಡಿದ್ದೇನೆ ಅಂದುಕೊಂಡಿದ್ದ ಪ್ರೋಟೀನಿಗೆ ನೈಟ್ರೋಸೆಫಿನ್ (ಬೀಟಾ-ಲ್ಯಾಕ್ಟಮೇಸ್ ಒಡೆದರೆ ಬಣ್ಣ ಬದಲಿಸುವ ವಸ್ತು) ಹಾಕಿ ನೋಡಿದೆ. ತೆಳು ಹಳದಿ ಇದ್ದದ್ದು ನೋಡನೋಡುತ್ತಾ ಕುಂಕುಮ ಕದಡಿದ ಹಾಗೆ ಕೆಂಪಾಯಿತು.

ಆಂಪಿಸಿಲಿನ್ ಬದಲು ಕ್ಯಾನಮೈಸಿನ್ ಎಂಬ ಬೇರೆ ಔಷಧಿಯನ್ನು ತಡೆಯುವ ಪ್ಲಾಸ್ಮಿಡ್‌ಗೆ ಪಿಬಿಪಿ ಜೀನ್ ಬದಲಾಯಿಸಿ ಮೊದಲಿಂದ ಶುರುಮಾಡಿದೆ. ಈ ಸಲ ನೈಟ್ರೋಸೆಫಿನ್ ಹಳದಿಯಾಗೇ ಉಳಿಯಿತು. ಔಷಧಿ ಕೂರಿಸದೆ ಮಾಡಿದ ಮ್ಯಾಪಿನಲ್ಲೇ ಸೆರೀನ್‌ನಿಂದ ಎಲ್ಲೂ ಕಡಿಯದ ಎಳೆ, ಅದರಾಚೆ ತೆರೆದುಕೊಂಡ ಉಂಗುರ. ಔಷಧಿಯ ಬಾಲದ ಕಡೆ ಮಾತ್ರ ಮಸುಕು. ಮೇಡಂ ಕೇಳುವ ಮುಂಚೆಯೇ ಅಲ್ಲಿನ ಪರಮಾಣುಗಳನ್ನು ಮಾಡೆಲ್‌ನಿಂದ ತೆಗೆದೆ.