ಸಹಿಗೆ ಸಿಗುವ ಅರ್ಧ ನಿಮಿಷ

ಮೆಚ್ಚಿನ ಲೇಖಕರೋ ಗಾಯಕರೋ ಎದುರಿಗೆ ಸಿಕ್ಕರೆ ಒಬ್ಬ ಅಭಿಮಾನಿಯ ಪಾಲಿಗೆ ಬರುವುದು ಹೆಚ್ಚೆಂದರೆ ಅರ್ಧ ನಿಮಿಷ. ಚೀಲದಿಂದ ಪುಸ್ತಕ ತೆಗೆದು, ಪುಟ ಹುಡುಕಿ, ಪೆನ್ನಿಗೆ ತಡಕಾಡಿ, ಹೆಸರನ್ನು ಅಕ್ಷರ ಬಿಡಿಸಿ ಹೇಳುವಷ್ಟರಲ್ಲಿ ಅದು ಮುಗಿದೇ ಹೋಗುತ್ತದೆ. ಅದಕ್ಕೇ ಕೈಕೆಲಸವನ್ನೆಲ್ಲ ಸಾಲಿನಲ್ಲಿ ನಿಂತಾಗಲೇ ಮುಗಿಸಿ, ಆ ಅರ್ಧ ನಿಮಿಷವನ್ನು ಮಾತಿಗೆ ಉಳಿಸಿಕೊಳ್ಳುವುದು ನನ್ನ ರೂಢಿ.

ಪುಸ್ತಕವಾದರೆ ಸಹಿ ಶೀರ್ಷಿಕೆ ಪುಟದಲ್ಲೇ ಇರಲಿ, ಅಂದರೆ ಕೃತಿಯ ಹೆಸರೂ ಲೇಖಕರ ಹೆಸರೂ ಅಚ್ಚಾಗಿರುವ ಪುಟ. ರಟ್ಟಿನ ಒಳಗಿನ ಮೊದಲ ಹಾಳೆ ಖಾಲಿಯಾಗಿ ಕಣ್ಣಿಗೆ ಬೀಳುತ್ತದೆ ನಿಜ, ಆದರೆ ಬೈಂಡಿಂಗ್ ಸಡಿಲವಾದಾಗ ಮೊದಲು ಕಿತ್ತು ಬರುವುದೂ ಅದೇ. ಬೇಕಾದ ಪುಟಕ್ಕೆ ಹೊರಕವಚದ ಮಡಿಕೆ ಸಿಕ್ಕಿಸಿಟ್ಟರೆ ಪುಸ್ತಕ ತಾನಾಗಿ ಅಲ್ಲೇ ತೆರೆದುಕೊಳ್ಳುತ್ತದೆ. ನಿಮ್ಮ ಹೆಸರು ಸೇರಿಸಿ ಬರೆಸುವುದಿದ್ದರೆ ಅದನ್ನು ದೊಡ್ಡದಾಗಿ ಬರೆದ ಅಂಟುಚೀಟಿ ಅದೇ ಪುಟದ ಮೇಲಂಚಿನಲ್ಲಿರಲಿ. ಮನೆಗೆ ಬಂದ ಕೂಡಲೇ ಕಿತ್ತುಬಿಡಿ. ಬಿಟ್ಟರೆ ಅಂಟಿನ ಜಿಡ್ಡು ಕಾಗದದಲ್ಲಿ ಉಳಿದು ಧೂಳು ಹಿಡಿಯುತ್ತದೆ.

ಹೆಚ್ಚಿನ ಸಹಿಗಳು ಕೆಡುವುದು ಪೆನ್ನಿನಿಂದ. ಪುಸ್ತಕದ ಸಾಮಾನ್ಯ ಕಾಗದಕ್ಕೆ ಪಿಗ್ಮೆಂಟ್ ಇಂಕಿನ (ಕರಗದ ಬಣ್ಣದ ಕಣಗಳಿರುವ ಇಂಕು) 0.5 ಅಥವಾ 0.7 ಮಿ.ಮೀ. ಕಪ್ಪು ಜೆಲ್ ಪೆನ್ ಸಾಕು. ಡೈ ಇಂಕು, ಅಂದರೆ ಬಣ್ಣ ಕರಗಿರುವ ಇಂಕು, ಬೆಳಕಿಗೆ ಬೇಗ ಮಂಕಾಗುತ್ತದೆ, ನೀರು ಬಿದ್ದರೆ ಹರಡುತ್ತದೆ. ಬಾಲ್ ಪೆನ್ನಿನ ಇಂಕು ಬೇಗ ಒಣಗುತ್ತದೆ, ಆದರೆ ಒತ್ತಿ ಬರೆಯುವವರ ಕೈಯಲ್ಲಿ ಆ ಪೆನ್ನು ಕೆಳಗಿನ ನಾಲ್ಕು ಹಾಳೆಗೂ ಅಚ್ಚು ಮೂಡಿಸುತ್ತದೆ. ಅಡಿಗೆ ಒಂದು ಗಟ್ಟಿ ಕಾರ್ಡ್ ಇಟ್ಟರೆ ಬಚಾವು. ಮಾರ್ಕರ್ ಮಾತ್ರ ಪುಸ್ತಕಕ್ಕೆ ಬೇಡವೇ ಬೇಡ. ಅದರ ಆಲ್ಕೋಹಾಲ್ ಕಾಗದದೊಳಗೆ ಇಳಿದು ಸಹಿ ಹಿಂಬದಿಯಲ್ಲೂ ಕಾಣಿಸುತ್ತದೆ.

ಹೊಳಪಿನ ಫೋಟೊಗೆ ಇದು ತಿರುಗಾಮುರುಗಾ. ಅಲ್ಲಿ ಜೆಲ್ ಇಂಕು ಹನಿಹನಿಯಾಗಿ ನಿಂತು ಬೆರಳು ತಾಗಿದರೆ ಅಳಿಸಿಹೋಗುತ್ತದೆ, ಮಾರ್ಕರ್ರೇ ಸರಿ. ಚಿತ್ರ ಕಪ್ಪಗಿದ್ದರೆ ಬೆಳ್ಳಿ ಬಣ್ಣದ ಪೇಂಟ್ ಮಾರ್ಕರ್ ಬೇಕು. ಅದನ್ನು ಮುಚ್ಚಳ ಹಾಕಿಯೇ ಚೆನ್ನಾಗಿ ಕುಲುಕಿ, ಒಳಗಿನ ಗುಂಡು ಕಟಕಟ ಎನ್ನಬೇಕು. ಆಮೇಲೆ ರದ್ದಿ ಕಾಗದದ ಮೇಲೆ ತುದಿಯನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಬಣ್ಣ ಇಳಿಸಿ, ಎರಡು ಗೆರೆ ಎಳೆದು ನೋಡಿ. ಇಷ್ಟು ಮಾಡದೆ ಕೊಟ್ಟರೆ ಮೊದಲ ಅಕ್ಷರದ ಜಾಗದಲ್ಲಿ ಒಂದು ಬೆಳ್ಳಿ ಗೊಜ್ಜು ಕೂರುತ್ತದೆ, ಕಲಾವಿದರಿಗೂ ಮುಜುಗರ. ಫೋಟೊ ಮೇಲಿನ ಬೆರಳಿನ ಜಿಡ್ಡಿನ ಮೇಲೂ ಇಂಕು ಹಿಡಿಯುವುದಿಲ್ಲ, ಒಣ ಹತ್ತಿಬಟ್ಟೆಯಿಂದ ಒರೆಸಿಕೊಳ್ಳಿ. ಸಿ.ಡಿ.ಯ ಬಿಲ್ಲೆ ಮೇಲೆ ಬಾಲ್ ಪೆನ್ನಿನಲ್ಲಿ ಸಹಿ ಬೇಡ. ಹಾಡು ಅಡಗಿರುವ ಪದರ ಇರುವುದು ಹೊಳೆಯುವ ಬದಿಯಲ್ಲಲ್ಲ, ಹೆಸರು ಅಚ್ಚಾದ ಬದಿಯ ತೆಳು ಲೇಪದ ಕೆಳಗೆ. ಪೆನ್ನಿನ ಮೊನೆ ಅದನ್ನೇ ಗೀರುತ್ತದೆ. ಒಳಗಿನ ಕಿರುಪುಸ್ತಿಕೆಗೆ ಹಾಕಿಸಿಕೊಳ್ಳಿ.

ಸಹಿ ಬಿದ್ದ ಖುಷಿಯಲ್ಲಿ ಪುಸ್ತಕವನ್ನು ಪಟ್ಟನೆ ಮುಚ್ಚಬಾರದು. ಹಸಿ ಇಂಕು ಎದುರು ಪುಟಕ್ಕೆ ಕನ್ನಡಿ ಬಿಂಬದ ಹಾಗೆ ಅಂಟುತ್ತದೆ. ಐದು ನಿಮಿಷ ತೆರೆದು ಹಿಡಿದಿರಿ, ಆಮೇಲೂ ನಡುವೆ ಒಂದು ಬಿಳಿ ಹಾಳೆ ಇರಲಿ.

ಇನ್ನು ಮಾತು. 'ನಾನು ನಿಮ್ಮ ದೊಡ್ಡ ಅಭಿಮಾನಿ' ಎಂದರೆ ಥ್ಯಾಂಕ್ಸ್ ಬಿಟ್ಟು ಬೇರೆ ಉತ್ತರ ಬರಲು ಜಾಗವೇ ಇಲ್ಲ. ಒಂದು ಪಾತ್ರ, ಒಂದು ದೃಶ್ಯ, ಹಾಡಿನ ಎರಡನೇ ಚರಣದ ಒಂದು ತಿರುವು, ಹೀಗೆ ಗುರಿಯಿಟ್ಟ ಒಂದೇ ವಾಕ್ಯವಾದರೆ ಅವರು ತಲೆಯೆತ್ತಿ ನೋಡುತ್ತಾರೆ. ಕಾರ್ಯಕ್ರಮ ಮುಗಿಸಿ ಬಂದ ಗಾಯಕರಿಗೆ ಗಂಟಲು ದಣಿದಿರುತ್ತದೆ, ಅವರಿಂದ ಮಾತು ಹೊರಡಿಸಲು ಹೋಗಬಾರದು. ಲೇಖಕರ ಕೈಗೆ ನಿಮ್ಮ ಹಸ್ತಪ್ರತಿ ತುರುಕುವುದಂತೂ ಕೆಟ್ಟ ಅಭ್ಯಾಸ. ನಾಳೆ ಕೃತಿಚೌರ್ಯದ ಆರೋಪ ಬಂದೀತೆಂದು ಎಷ್ಟೋ ಲೇಖಕರು ಅದನ್ನು ಮುಟ್ಟುವುದೂ ಇಲ್ಲ.

ಫೋಟೊ ಬೇಕಿದ್ದರೆ ಕೇಳಿಯೇ ತೆಗೆಯಿರಿ. ಹಿಂದೆ ನಿಂತವರ ಕೈಗೆ ಕ್ಯಾಮೆರಾ ತೆರೆದ ಫೋನನ್ನು ಮೊದಲೇ ಕೊಟ್ಟು, ಲೆನ್ಸ್ ಒರೆಸಿ, ಫ್ಲ್ಯಾಶ್ ಆರಿಸಿಡಿ. ಸಭಾಂಗಣದ ಮಂದ ಬೆಳಕಿನಲ್ಲಿ ಶಟರ್ ನಿಧಾನ, ಅಲುಗಾಡಿದರೆ ಮುಖ ಮಸುಕು. ಮೂರು ನಾಲ್ಕು ಸಲ ಒತ್ತಲು ಹೇಳಿ.

ಅಂಚೆಯಲ್ಲಿ ಸಹಿ ತರಿಸುವುದಾದರೆ ಪುಸ್ತಕ ಕಳಿಸಬೇಡಿ, ಪುಸ್ತಕಕ್ಕೆ ಅಂಟಿಸಬಹುದಾದ ಚೀಟಿಯನ್ನು ವಿಳಾಸ ಬರೆದು ಸ್ಟಾಂಪ್ ಹಚ್ಚಿದ ಮರುಲಕೋಟೆಯೊಂದಿಗೆ ಕಳಿಸಿ. ಎಲ್ಲರೂ ಒಪ್ಪುವುದಿಲ್ಲ. 2008ರ ಅಕ್ಟೋಬರ್ 20ರ ನಂತರ ಬಂದ ಯಾವುದಕ್ಕೂ ಸಹಿ ಹಾಕುವುದಿಲ್ಲ ಎಂದು ಬೀಟಲ್ಸ್ ಸಂಗೀತ ತಂಡದ ರಿಂಗೊ ಸ್ಟಾರ್ ಖಡಾಖಂಡಿತವಾಗಿ ಹೇಳಿಬಿಟ್ಟರು. ಕೊಂಡ ಸಹಿಯಾದರೆ ಯಂತ್ರದ್ದಿರಬಹುದು. ಮನುಷ್ಯನ ಎರಡು ಸಹಿ ಒಂದರ ಮೇಲೊಂದು ಇಟ್ಟಾಗ ಕೂದಲೆಳೆಯೂ ತಪ್ಪದಂತೆ ಹೊಂದುವುದಿಲ್ಲ. ಹೊಂದಿದರೆ ಅದು ಆಟೋಪೆನ್, ಅಂದರೆ ಪೆನ್ನು ಹಿಡಿದು ಸಹಿಯನ್ನು ನಕಲು ಮಾಡುವ ಯಂತ್ರದ ಕೆಲಸ. 2022ರಲ್ಲಿ ಅಮೆರಿಕದ ಗಾಯಕ ಬಾಬ್ ಡಿಲನ್ ಸಹಿಯ ಪುಸ್ತಕ ಕೊಂಡವರು ತಮ್ಮ ಪ್ರತಿಗಳ ಚಿತ್ರಗಳನ್ನು ಹೋಲಿಸಿಯೇ ಇದನ್ನು ಹಿಡಿದದ್ದು. ಪ್ರಕಾಶಕರು ಹಣ ಮರಳಿಸಿದರು, ಡಿಲನ್ ಕೂಡ ತಪ್ಪೊಪ್ಪಿಕೊಂಡರು.

ಫೋಟೊಗಳನ್ನು ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರಿನಲ್ಲಿಡಿ. ಪಿ.ವಿ.ಸಿ. ಕವರ್ ಕಾಲಕ್ರಮೇಣ ಅಂಟಂಟಾಗಿ ಇಂಕನ್ನೇ ಎತ್ತಿಕೊಳ್ಳುತ್ತದೆ. ಲ್ಯಾಮಿನೇಷನ್ ಬಿಸಿಗೆ ಇಂಕು ಹರಡಬಹುದು, ಒಮ್ಮೆ ಮಾಡಿದರೆ ಬಿಚ್ಚಲಂತೂ ಬರುವುದಿಲ್ಲ. ಯಾರು, ಎಲ್ಲಿ, ಯಾವ ದಿನ ಎಂಬುದನ್ನು ಹಿಂಬದಿಯ ಅಂಚಿನಲ್ಲಿ ಮೆತ್ತನೆ ಪೆನ್ಸಿಲ್ಲಿನಿಂದ ಬರೆಯಿರಿ, ಒತ್ತದೆ.